ದೀಪ ಹಚ್ಚಿದ ಮೇಲೆ ಹೆಪ್ಪಿಲ್ಲ

ಒಂದು ಜೀವಕ್ಕೆ ಎಳ್ಳಷ್ಟೂ ಕಷ್ಟ ತಟ್ಟದಂತೆ ಹಗಲಿರುಳು ಕಾಯುವ ಯಂತ್ರವೊಂದಿದ್ದರೆ ಆ ಜೀವದ ಗತಿ ಏನಾದೀತು? ಡೋಣಿಸಾಲಿನ ವೈನರಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರಲಿಲ್ಲ. ಯಂತ್ರ ಬಂತು, ಹಾರ ಹಾಕಿದರು, ಕಾಯಿ ಒಡೆದರು, ಪೇಢೆ ಹಂಚಿದರು, ಮುಗಿಯಿತು. ಕೇಳಬೇಕಾದವರು ಕೇಳುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು.

ಯಂತ್ರದ ಹೆಸರು ನಾಡಿ. ನೋಡಲು ಏನೂ ಇಲ್ಲ, ಬೆರಳು ದಪ್ಪದ ಒಂದು ಉಕ್ಕಿನ ಕೋಲು. ಅದನ್ನು ದ್ರಾಕ್ಷಿರಸದ ಟ್ಯಾಂಕಿಗೆ ಇಳಿಬಿಟ್ಟರೆ ಒಳಗಿನ ಯೀಸ್ಟ್ ಕಣಗಳ ಅದುರನ್ನು ಹಿಡಿಯುತ್ತಿತ್ತು. ಜೀವ ಇರುವ ಯೀಸ್ಟು ಸದಾ ಸಣ್ಣಗೆ ಅದುರುತ್ತಿರುತ್ತದೆ. ನೆಮ್ಮದಿಯಲ್ಲಿದ್ದಾಗ ಒಂದು ಬಗೆ, ಸಂಕಟದಲ್ಲಿದ್ದಾಗ ಇನ್ನೊಂದು ಬಗೆ. ನಾಡಿ ಆ ಅದುರನ್ನು ಕಿವಿಗೆ ಕೇಳುವ ದನಿಯಾಗಿಸಿ ಕಂಟ್ರೋಲ್ ರೂಮಿನ ಸ್ಪೀಕರಿಗೆ ಕಳಿಸುತ್ತಿತ್ತು. ನೆಮ್ಮದಿಗೆ ತಗ್ಗಿದ ಗುಂಯ್ ದನಿ, ಸಂಕಟಕ್ಕೆ ಕೀರಲು. ಕೀರಲು ಶುರುವಾಗುವುದೇ ತಡ, ಯಂತ್ರ ತಾನಾಗಿಯೇ ಓಡಿಬರುತ್ತಿತ್ತು. ಬಿಸಿಯಾಯಿತೇ, ಟ್ಯಾಂಕಿನ ಸುತ್ತ ತಣ್ಣೀರು ಹರಿಸುವುದು. ಹಸಿವಾಯಿತೇ, ಆಹಾರ ಸುರಿಯುವುದು. ಸಿಹಿ ಅತಿಯಾಯಿತೇ, ನೀರು ಬೆರೆಸುವುದು. ಯಾವ ತಾಯಿಯೂ ಮಗುವನ್ನು ಹೀಗೆ ನೋಡಿಕೊಂಡಿರಲಿಕ್ಕಿಲ್ಲ.

ಮೊದಲ ಏಳೆಂಟು ವರ್ಷ ವೈನು ಚೆನ್ನಾಗಿಯೇ ಬಂತು. ಆಮೇಲೆ ವಿಜಯಪುರದ ಬಿಸಿಲು ಹದ್ದು ಮೀರಿತು. ಫೆಬ್ರುವರಿಯಲ್ಲೇ ನಲವತ್ತೆರಡು ಡಿಗ್ರಿ. ಹಣ್ಣು ಬಳ್ಳಿಯ ಮೇಲೇ ಬಾಡಿ ಅರ್ಧ ಒಣದ್ರಾಕ್ಷಿಯಾಗಿ, ರಸದಲ್ಲಿ ಸಕ್ಕರೆ ವಿಪರೀತ ಏರಿತು. ಟ್ಯಾಂಕುಗಳು ಒಂದೊಂದಾಗಿ ನಡುದಾರಿಯಲ್ಲಿ ನಿಲ್ಲತೊಡಗಿದವು. ಯೀಸ್ಟು ಅರ್ಧ ಸಕ್ಕರೆ ತಿಂದು ಇನ್ನರ್ಧವನ್ನು ಹಾಗೇ ಬಿಟ್ಟು ಸತ್ತುಹೋಗುತ್ತಿತ್ತು. ಅಂಥದ್ದು ಇತ್ತ ವೈನೂ ಅಲ್ಲ, ಅತ್ತ ಪಾನಕವೂ ಅಲ್ಲ. ಮೂರು ವರ್ಷ ಅದನ್ನು ಗಟಾರಕ್ಕೆ ಬಿಟ್ಟಿದ್ದಾಗಿತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ಏಟು ತಿಂದವಳು ಕಸ್ತೂರಿ ಹಿಟ್ನಳ್ಳಿ. ಅವಳು ವೈನರಿಯ ಯೀಸ್ಟ್ ತಜ್ಞೆ. ವಯಸ್ಸು ನಲವತ್ತೊಂಬತ್ತು, ಮಾತು ಕಡಿಮೆ, ಹಟ ಜಾಸ್ತಿ. ಇಪ್ಪತ್ತೆರಡು ವರ್ಷ ತೋಟ ತೋಟ ತಿರುಗಿ, ಬಳ್ಳಿಯ ತೊಗಟೆ, ಹಣ್ಣಿನ ಸಿಪ್ಪೆ, ಒಣದ್ರಾಕ್ಷಿ ಶೆಡ್ಡಿನ ಬಲೆ ಎಲ್ಲವನ್ನೂ ಕೆರೆದು ಮುನ್ನೂರ ಹದಿನಾಲ್ಕು ಬಗೆಯ ನಾಡ ಯೀಸ್ಟುಗಳನ್ನು ಕೂಡಿಸಿದ್ದಳು. ಕಿರುಬೆರಳುದ್ದದ ನಳಿಕೆಗಳಲ್ಲಿ ಅವು ಒಂದು ಫ್ರೀಜರಿನೊಳಗೆ ಮಲಗಿದ್ದವು. ಜಗತ್ತಿನಲ್ಲಿ ಬೇರೆಲ್ಲೂ ಅವುಗಳ ಇನ್ನೊಂದು ಪ್ರತಿ ಇರಲಿಲ್ಲ. ಅವುಗಳಲ್ಲಿ ಅವಳ ಭರವಸೆಯೆಲ್ಲ ಒಂದರ ಮೇಲಿತ್ತು. ತಿಕೋಟಾದ ಒಂದು ಶೆಡ್ಡಿನಲ್ಲಿ, ಬೆಂಕಿಯಂಥ ಬಿಸಿಲಿಗೆ ಒಣಗುತ್ತಿದ್ದ ದ್ರಾಕ್ಷಿಯ ಮೇಲೆ ಸಿಕ್ಕಿದ್ದು ಅದು. ಅದನ್ನು ಅವಳು 'ತಿಕೋಟಾ' ಎಂದೇ ಕರೆಯುತ್ತಿದ್ದಳು. ಅಷ್ಟು ಸಿಹಿಯಲ್ಲಿ, ಅಷ್ಟು ಬಿಸಿಯಲ್ಲಿ ಬದುಕಿದ್ದು ಈ ಟ್ಯಾಂಕಿನಲ್ಲಿ ಯಾಕೆ ಬದುಕಬಾರದು ಎನ್ನುವುದು ಅವಳ ವಾದ.

ಆದರೆ ಜನವರಿಯಲ್ಲಿ ಮೂರನೇ ಟ್ಯಾಂಕಿಗೆ ತಿಕೋಟಾ ಹಾಕಿದಾಗ ಅದೂ ಅರ್ಧಕ್ಕೇ ನಿಂತಿತು. ನಾಡಿಯನ್ನು ಮಾರಿದ ಕಂಪನಿಯವರು ಅದನ್ನೇ ಕಾಯುತ್ತಿದ್ದರು. ನಮ್ಮದೇ ಯೀಸ್ಟು ತೆಗೆದುಕೊಳ್ಳಿ, ಆದರೆ ಬೆರಕೆಯಾಗದಂತೆ ನಿಮ್ಮ ಬಳಿ ಇರುವ ಬೇರೆ ಯೀಸ್ಟನ್ನೆಲ್ಲ ಹಬೆಯಲ್ಲಿ ಸುಟ್ಟುಬಿಡಬೇಕು ಎಂದು ಷರತ್ತು ಹಾಕಿದರು. ವೈನರಿ ನಡೆಸುತ್ತಿದ್ದ ಬೆಳೆಗಾರರ ಸಂಘದ ಅಧ್ಯಕ್ಷರಾದ ಮುರಗೆಪ್ಪಗೌಡರು ಆ ಕಾಗದ ಹಿಡಿದು ಕಸ್ತೂರಿಯ ಲ್ಯಾಬಿಗೇ ಬಂದರು.

"ತಂಗಿ, ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲ," ಎಂದರು. "ಆದ್ರ ಮೂರು ವರ್ಷಾತು. ಮಂದಿ ಹಣ್ಣು ತಂದು ಹಾಕತಾರ, ನಾವು ಗಟಾರಕ್ಕ ಬಿಡತೇವಿ. ಇನ್ನ ಒಂದ ಒಂದು ಟ್ಯಾಂಕು ಕೊಡತೇನಿ. ಏಳನೇದ್ದು. ಅದು ಪೂರಾ ಮುಗೀತಂದ್ರ ನಿನ್ನ ಫ್ರೀಜರು ಉಳೀತು. ಇಲ್ಲಂದ್ರ ಕಂಪನಿಯವರು ಹೇಳಿದಂಗ."

"ಒಂದ ಸಾಕ್ರಿ ಗೌಡ್ರ," ಎಂದಳು ಕಸ್ತೂರಿ.

ಸಾಕು ಎಂದದ್ದೇನೋ ಗಟ್ಟಿಯಾಗಿಯೇ. ಅವರು ಹೋದ ಮೇಲೆ ಮಾತ್ರ ಫ್ರೀಜರು ತೆರೆದು ನಳಿಕೆಗಳನ್ನು ಒಂದೊಂದಾಗಿ ಎಣಿಸಿದಳು. ಇಪ್ಪತ್ತೆರಡು ವರ್ಷವನ್ನು ಒಂದು ಟ್ಯಾಂಕು ನುಂಗುವುದಾದರೆ ನುಂಗಲಿ, ಆದರೆ ಸುಮ್ಮನೆ ನುಂಗಲು ಬಿಡುವುದಿಲ್ಲ ಎಂದುಕೊಂಡಳು. ಮುಗಿಯುವುದೆಂದರೆ ಲೀಟರಿಗೆ ನಾಲ್ಕು ಗ್ರಾಮಿಗಿಂತ ಕಡಿಮೆ ಸಕ್ಕರೆ ಉಳಿಯಬೇಕು. ಆ ಹಂಗಾಮಿನ ಕಟ್ಟಕಡೆಯ ಹಣ್ಣು ಮಂಗಳವಾರ ಮಧ್ಯಾಹ್ನ ಬರುವುದಿತ್ತು.

ಇಲ್ಲಿ ಸುಗಲವ್ವನ ವಿಷಯ ಹೇಳಬೇಕು. ಟ್ಯಾಂಕಿಗೆ ಯೀಸ್ಟನ್ನು ಹಾಗೇ ಎರಚುವುದಿಲ್ಲ. ಮೊದಲು ಸಣ್ಣ ಹಂಡೆಯಲ್ಲಿ ಸ್ವಲ್ಪ ರಸಕ್ಕೆ ಹಾಕಿ ಬೆಳೆಸಿ, ಅದು ಕುದಿ ಹತ್ತಿದ ಮೇಲೆ ದೊಡ್ಡ ಟ್ಯಾಂಕಿಗೆ ಸಾಗಿಸುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಏನು ಹೆಸರಿದೆಯೋ ಇರಲಿ, ಡೋಣಿಸಾಲಿನಲ್ಲಿ ಅದು ಹೆಪ್ಪು. ಆ ಹೆಸರಿಟ್ಟವಳು ಸುಗಲವ್ವ. ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷದಿಂದ ಹಂಡೆ ನೋಡಿಕೊಳ್ಳುತ್ತಿದ್ದ ಅರವತ್ತೆರಡರ ಮುದುಕಿ. ಹಾಲಿಗೆ ಹಾಕಿದರೆ ಹೆಪ್ಪು, ರಸಕ್ಕೆ ಹಾಕಿದರೂ ಹೆಪ್ಪೇ ಅಲ್ಲೇನು ಎಂದು ಮೊದಲ ದಿನವೇ ಕೇಳಿದ್ದಳಂತೆ. ಅದು ಎಲ್ಲರ ಬಾಯಲ್ಲೂ ಕೂತು, ಕೊನೆಗೆ ಕಂಟ್ರೋಲ್ ರೂಮಿನ ಪರದೆಯ ಮೇಲೂ 'ಹೆಪ್ಪು ೭' ಎಂದೇ ಬರತೊಡಗಿತು. ಹೆಸರಿನ ಹಿಂದೆ ಅದರ ಕಟ್ಟುಪಾಡೂ ನಡೆದು ಬರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಯಾಕೆಂದರೆ ಅಷ್ಟು ವರ್ಷವೂ ಹೆಪ್ಪು ಕೊಟ್ಟಿದ್ದು ಮುಂಜಾನೆ.

ಆ ಮಂಗಳವಾರ ಹಣ್ಣು ತಡವಾಗಿ ಬಂತು. ನಾಲ್ಕು ದಿನದಿಂದ ಬೆಳೆಸುತ್ತಿದ್ದ ತಿಕೋಟಾದ ಹೆಪ್ಪು ಸಂಜೆ ಆರೂವರೆಗೆ ಹದಕ್ಕೆ ಬರುತ್ತಿತ್ತು. ಹಂಡೆಯಲ್ಲಿ ಸಕ್ಕರೆ ತೀರುವ ಮೊದಲೇ ಅದನ್ನು ಸಾಗಿಸಬೇಕು, ಹಸಿಯಲು ಬಿಡಬಾರದು ಎನ್ನುವುದು ನಿಯಮ. ಹಂಡೆಯೊಳಗಿನ ನಾಡಿಯ ಕೋಲನ್ನು ತೊಳೆದು ಟ್ಯಾಂಕಿಗೆ ಇಳಿಸಲೆಂದು ಐದು ಗಂಟೆಗೇ ತೆಗೆದಿಟ್ಟಿದ್ದರು. ಐದೂವರೆಗೆ ಕಸ್ತೂರಿಯ ಫೋನು ಹೊಡೆದುಕೊಂಡಿತು. ಮನೆಯಲ್ಲಿ ಅತ್ತೆ ನಿಂಬೆವ್ವನ ಕೈಕಡಗ ಕೂಗುತ್ತಿತ್ತು.

ಈ ಕಡಗವೂ ನಾಡಿಯ ವಂಶದ್ದೇ. ನಿಂಬೆವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಐದು ತಿಂಗಳಾಗಿತ್ತು. ಶಸ್ತ್ರಚಿಕಿತ್ಸೆ ಆಗಿ ಮೂಳೆ ಕೂಡಿತ್ತು, ಆದರೆ ಮುದುಕಿಗೆ ಸ್ವಲ್ಪ ನೋವಾದರೂ, ಎದೆಬಡಿತ ಸ್ವಲ್ಪ ಏರಿದರೂ ಕಡಗ 'ಕುಳಿತುಕೊಳ್ಳಿ, ಕುಳಿತುಕೊಳ್ಳಿ' ಎಂದು ಬಡಿದುಕೊಳ್ಳುತ್ತಿತ್ತು. ಅದು ಹೇಳಿದಂತೆ ಕೂತು ಕೂತು ಕಾಲು ಕಡ್ಡಿಯಾಗಿದ್ದವು. ಕಡಗ ಕೊಡಿಸಿದವಳು ಕಸ್ತೂರಿಯೇ. ಗಂಡ ಕೆಲಸದ ಮೇಲೆ ಸೊಲ್ಲಾಪುರದಲ್ಲಿದ್ದ. ಅತ್ತೆಗೆ ಹಗಲೆಲ್ಲ ಅದೇ ದಿಕ್ಕು.

ಕಸ್ತೂರಿ ಏದುಸಿರು ಬಿಡುತ್ತ ಮನೆಗೆ ಬಂದರೆ, ನಿಂಬೆವ್ವ ಅಡುಗೆಮನೆಯಲ್ಲಿ ಒಲೆಯ ಕಟ್ಟೆ ಹಿಡಿದು ನಿಂತಿದ್ದಳು. ಕಡಗ ಅರಚುತ್ತಲೇ ಇತ್ತು.

"ಅತ್ತೀ! ಏನ್ ಮಾಡಾಕತ್ತೀರಿ? ಜೀವಾನ ಹೋಗಿತ್ತು ನಂದು!"

"ಹಾಲು ಉಗುರುಬೆಚ್ಚಗ ಆಗಿದ್ವು, ಹೆಪ್ಪು ಹಾಕಿದ್ನ್ಯವಾ. ಇದೊಂದು ಬಡಕೊಳ್ಳಾಕತ್ತೈತಿ ನೋಡು. ಇದರ ಬಾಯಿ ಮುಚ್ಚಸು ಮೊದಲ."

"ನಾ ಬಂದು ಹಾಕತಿದ್ನೆಲ್ರಿ! ಬಿದ್ದು ಗಿದ್ದೀರಿ ಅಂದ್ರ?"

"ಬಿದ್ರ ಏಳತಿದ್ದೆ," ಎಂದಳು ನಿಂಬೆವ್ವ. ಆದರೆ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕಸ್ತೂರಿ ಬೈದು, ರಮಿಸಿ, ಹಾಸಿಗೆಗೆ ಕರೆದೊಯ್ದು ಮಲಗಿಸಿದಳು. ಬಿಟ್ಟು ಹೋಗುವ ಧೈರ್ಯವಾಗದೆ ಸುಗಲವ್ವನಿಗೆ ಫೋನು ಮಾಡಿದಳು.

"ಸುಗಲವ್ವಾ, ಆರೂವರಿಗೆ ಹೆಪ್ಪು ಏಳನೇ ಟ್ಯಾಂಕಿಗೆ ಕೊಟ್ಟಬಿಡು. ಮರೀಬ್ಯಾಡ."

"ಹೂಂನ್ರಿ ಬಾಯಾರ, ಕೊಡತೇನಿ," ಎಂದಳು ಸುಗಲವ್ವ.

ಮರುದಿನ ಮುಂಜಾನೆ ಏಳಕ್ಕೆ ಕಸ್ತೂರಿ ನೆಲಮಾಳಿಗೆಗೆ ಇಳಿದಾಗ ಹಂಡೆ ಇದ್ದಲ್ಲೇ ಇತ್ತು. ಏಳನೇ ಟ್ಯಾಂಕಿನ ರಸ ಕದಲದೆ ಕೂತಿತ್ತು. ಸುಗಲವ್ವ ಸೆರಗು ಸಿಕ್ಕಿಸಿಕೊಂಡು ಪಂಪಿನ ಪೈಪು ಜೋಡಿಸುತ್ತಿದ್ದಳು.

"ಸುಗಲವ್ವಾ! ಹೆಪ್ಪು ಕೊಟ್ಟಿಲ್ಲಾ?"

"ಈಗ ಕೊಡತೇನ್ರಿ. ಹೊತ್ತು ಮೂಡೇತೆಲ್ಲ."

"ನಿನ್ನಿ ಸಂಜಿ ಆರೂವರಿಗೆ ಅಂದಿದ್ನೆಲ್ಲಾ! ಹೂಂ ಅಂದಿದ್ದಿ!"

"ಹೂಂ ಅಂದಿದ್ನ್ರಿ. ಆದ್ರ ಹಂಡೇದ ಕಡೆ ಬರೂದ್ರಾಗ ಆರು ದಾಟಿತ್ತು, ದೇವರ ಮುಂದ ದೀಪ ಹಚ್ಚಿಬಿಟ್ಟಿದ್ದೆ." ಮೂಲೆಯಲ್ಲಿ ದಾನಮ್ಮನ ಪಟದ ಮುಂದೆ ಹಣತೆಯಲ್ಲಿ ಕರಿ ಕಟ್ಟಿತ್ತು. "ದೀಪ ಹಚ್ಚಿದ ಮ್ಯಾಲ ಹೆಪ್ಪು ಹ್ಯಾಂಗ ಕೊಡೂದ್ರಿ?"

ಕಸ್ತೂರಿಗೆ ಕಣ್ಣು ಕತ್ತಲೆಗಟ್ಟಿತು. ಜೀವಮಾನದಲ್ಲಿ ಯಾರ ಮೇಲೂ ಹಾಗೆ ಕೂಗಿದವಳಲ್ಲ.

"ಇದೇನು ಮಜ್ಜಿಗಿ ಅಂತ ತಿಳದೀಯೇನ? ಹನ್ನೆರಡು ತಾಸು ಉಪವಾಸ ಕೆಡವಿದೀ! ನನ್ನ ಇಪ್ಪತ್ತೆರಡು ವರ್ಷ ಮಣ್ಣಾತು, ಗೊತ್ತೈತೇನ ನಿನಗ?"

ಸುಗಲವ್ವನ ಮುಖ ಸಣ್ಣದಾಯಿತು. ತಪ್ಪಾಯಿತು ಎಂದು ಮಾತ್ರ ಅವಳು ಹೇಳಲಿಲ್ಲ. "ನಿಮ್ಮ ಮನ್ಯಾಗ ಕೊಡತೀರೇನ್ರಿ ಬಾಯಾರ?" ಎಂದು ಮೆಲ್ಲಗೆ ಕೇಳಿದಳು.

ಕೊಡುವುದಿಲ್ಲ. ಕಸ್ತೂರಿಯ ಮನೆಯಲ್ಲಿ ಎಂದೂ ಕೊಟ್ಟಿಲ್ಲ. ಸಂಜೆ ಹೊತ್ತಿನಲ್ಲಿ ಬಟ್ಟಲು ಹಿಡಿದು ಬಂದ ಪಕ್ಕದ ಮನೆಯವರನ್ನು 'ದೀಪ ಹಚ್ಚೇವ್ರಿ, ನಾಳಿ ಬರ್ರಿ' ಎಂದು ಅವಳೇ ಎಷ್ಟು ಸಲ ವಾಪಸು ಕಳಿಸಿರಲಿಲ್ಲ! ಯೀಸ್ಟಿಗೆ ಹೆಪ್ಪು ಎಂದು ಹೆಸರಿಟ್ಟಾಗ ನಕ್ಕು ಒಪ್ಪಿಕೊಂಡವಳೂ ಅವಳೇ.

ಕಂಟ್ರೋಲ್ ರೂಮಿನ ಚಿನ್ಮಯ ಕೂಗು ಕೇಳಿ ಇಳಿದು ಬಂದ. ಮೈಸೂರು ಕಡೆಯ ಎಂಜಿನಿಯರು, ಕಂಪನಿಯ ಸಂಬಳ, ಆದರೆ ಒಳ್ಳೆಯವನು. ನಾಡಿಯ ಕೋಲನ್ನು ಹಂಡೆಗೆ ಇಳಿಸಿದ್ದೇ ಸ್ಪೀಕರಿನಲ್ಲಿ ಕಿವಿ ಕೊರೆಯುವ ಕೀರಲು ಎದ್ದಿತು. ಸಕ್ಕರೆ ಸೊನ್ನೆ. ಬಿಸಿ ಮೂವತ್ತೈದು ಡಿಗ್ರಿ.

"ಇದು ಆಗಲ್ಲ ಮೇಡಂ," ಎಂದ. "ಇಷ್ಟು ಸ್ಟ್ರೆಸ್ ನಾನು ಯಾವತ್ತೂ ನೋಡಿಲ್ಲ. ಚೆಲ್ಲಿಬಿಡೋಣ. ಹೊಸದಾಗಿ ಬೆಳೆಸಿ."

"ಹೊಸದು ಬೆಳೀಲಿಕ್ಕೆ ನಾಲ್ಕು ದಿನ ಬೇಕು. ಅಷ್ಟರಾಗ ರಸ ಹುಳಿಯಾಗಿ ಹೋಗತದ."

"ಹಾಗಾದ್ರೆ?"

ಕಸ್ತೂರಿ ಹಂಡೆಯನ್ನೇ ನೋಡುತ್ತ ನಿಂತಳು. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಣಗಳು ಕುಗ್ಗಿದ್ದವು, ಆದರೆ ಸತ್ತಿರಲಿಲ್ಲ. ಸತ್ತಿಲ್ಲದ ಮೇಲೆ ಕೈಬಿಡುವುದಕ್ಕೆ ಅವಳಿಗೆ ಕಾರಣ ಕಾಣಲಿಲ್ಲ.

"ಪಂಪು ಹಚ್ಚು ಸುಗಲವ್ವ," ಎಂದಳು.

ಆಮೇಲಿನ ಮೂವತ್ತು ತಾಸು ಟ್ಯಾಂಕು ಸತ್ತಂತೆ ಬಿದ್ದಿತ್ತು. ಒಂದು ಗುಳ್ಳೆ ಇಲ್ಲ, ನೊರೆ ಇಲ್ಲ. ಗೌಡರು ಒಮ್ಮೆ ಬಂದು ಇಣುಕಿ ಹೋದರು. ಸುಗಲವ್ವ ಕಸ್ತೂರಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು, ಕಸ್ತೂರಿಯೂ ಅವಳನ್ನು ಮಾತಾಡಿಸಲಿಲ್ಲ.

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಸ್ಪೀಕರಿನಲ್ಲಿ ತಗ್ಗಿದ ಗುಂಯ್ ದನಿ ಶುರುವಾಯಿತು. ಸಂಜೆಯ ಹೊತ್ತಿಗೆ ಟ್ಯಾಂಕಿನ ಮೇಲೆ ಮೊಣಕೈ ಆಳದ ನೊರೆ. ಶುಕ್ರವಾರ ಅದು ಯಾವ ಟ್ಯಾಂಕೂ ಓಡದ ವೇಗದಲ್ಲಿ ಓಡುತ್ತಿತ್ತು.

"ಮೇಡಂ, ಇದು ಹೇಗೆ ಸಾಧ್ಯ?" ಚಿನ್ಮಯ ಪರದೆಯನ್ನು ಎರಡು ಸಲ ಒರೆಸಿ ನೋಡಿದ.

ಕಸ್ತೂರಿ ಲ್ಯಾಬಿಗೆ ಹೋಗಿ, ಬುಧವಾರ ಹಂಡೆಯಿಂದ ತೆಗೆದಿಟ್ಟಿದ್ದ ಯೀಸ್ಟನ್ನು ಸೀಳಿ ನೋಡಿದಳು. ಸಿಹಿ ರಸಕ್ಕೆ ಬಿದ್ದ ಯೀಸ್ಟಿಗೆ ಮೊದಲ ಸಂಕಟ ನೀರಿನದು, ಹೊರಗಿನ ಸಕ್ಕರೆ ಅದರ ಮೈಯ ನೀರನ್ನೇ ಹೀರುತ್ತದೆ. ಎರಡನೆಯದು ಬಿಸಿ. ಕೊನೆಯದು ತಾನೇ ಮಾಡಿದ ಆಲ್ಕೊಹಾಲು, ಅದು ಮೈಯ ಪೊರೆಯನ್ನೇ ಸಡಿಲಿಸುತ್ತದೆ. ಈ ಮೂರಕ್ಕೂ ಯೀಸ್ಟಿನ ಬಳಿ ಒಂದು ಔಷಧವಿದೆ, ಟ್ರೆಹಲೋಸ್ ಎಂಬ ಒಂದು ಜಾತಿಯ ಸಕ್ಕರೆ. ಅದನ್ನು ಒಳಗೆ ಕೂಡಿಟ್ಟುಕೊಂಡ ಯೀಸ್ಟು ಬಾಡುವುದಿಲ್ಲ, ಬೇಯುವುದಿಲ್ಲ, ಸುಲಭಕ್ಕೆ ಸೋರುವುದಿಲ್ಲ. ಆದರೆ ಸುಖವಾಗಿರುವ ಯೀಸ್ಟು ಅದನ್ನು ಕೂಡಿಡುವುದೇ ಇಲ್ಲ. ಹಸಿವಾದಾಗ, ಮೈ ಬಿಸಿಯಾದಾಗ, ಮುಂದೆ ಕೆಟ್ಟ ಕಾಲವಿದೆ ಎಂದು ಅನಿಸಿದಾಗ ಮಾತ್ರ ಕೂಡಿಡುತ್ತದೆ. ಜನವರಿಯ ತಿಕೋಟಾದಲ್ಲಿ ಅದು ಹೆಸರಿಗೆ ಮಾತ್ರ ಇತ್ತು. ಏಳನೇ ಟ್ಯಾಂಕಿನ ಹೆಪ್ಪಿನಲ್ಲಿ ಅದರ ಒಂಬತ್ತು ಪಟ್ಟು ಇತ್ತು.

ಕಸ್ತೂರಿ ಕುರ್ಚಿಗೆ ಕುಸಿದು ಕೂತಳು. ಇದು ಅವಳಿಗೆ ಗೊತ್ತಿಲ್ಲದ ವಿಷಯವೇ? ಕಾಲೇಜಿನಲ್ಲೇ ಓದಿದ್ದಳು. ಆದರೆ ಹನ್ನೊಂದು ವರ್ಷ ನಾಡಿಯ ಕೀರಲು ಕೇಳಿ ಕೇಳಿ, ಕೀರಿದರೆ ಓಡಿ ಸಂತೈಸಬೇಕು ಎನ್ನುವುದೊಂದೇ ತಲೆಯಲ್ಲಿ ಉಳಿದಿತ್ತು. ಶೆಡ್ಡಿನ ಬಿಸಿಲಿನಲ್ಲಿ ಹುಟ್ಟಿದ ಗಟ್ಟಿ ಜೀವವನ್ನು ತಂದು ತಾನೇ ಮೆತ್ತಗೆ ಮಾಡಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಅಂದು ಮನೆಗೆ ಹೋದಾಗ ನಿಂಬೆವ್ವ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಸ್ತೂರಿ ಪಕ್ಕದಲ್ಲಿ ಕೂತಳು.

"ಅತ್ತೀ, ದೀಪ ಹಚ್ಚಿದ ಮ್ಯಾಲ ಹೆಪ್ಪು ಯಾಕ ಕೊಡಂಗಿಲ್ರಿ?"

"ಯಾಕಂದ್ರ? ನಮ್ಮತ್ತಿ ಕೊಡತಿದ್ದಿಲ್ಲ. ನಾನೂ ಕೊಡಲಿಲ್ಲ."

"ಕಾರಣ ಏನಾರ ಇರಬೇಕಲ್ರಿ?"

"ಇದ್ದೀತು. ಲಕ್ಷ್ಮಿ ಹೊಂಟು ಹೋಗತಾಳ ಅಂತ ಒಬ್ಬರು, ಕತ್ತಲದಾಗ ಹುಳ ಬಿದ್ದೀತು ಅಂತ ಒಬ್ಬರು. ನೀ ದೊಡ್ಡ ಸಾಲಿ ಕಲತಾಕಿ, ನೀನ ಹುಡುಕು." ನಿಂಬೆವ್ವ ಈ ಕಡೆ ತಿರುಗಿದಳು. "ಇದನ್ನೆಲ್ಲ ಕೇಳಾಕ ಹತ್ತೀದಿ, ಆರಾಮ ಇದ್ದೀಯಿಲ್ಲ?"

ಕಸ್ತೂರಿ ಅತ್ತೆಯ ಕೈ ಎತ್ತಿಕೊಂಡು ಕಡಗದ ಕೊಂಡಿ ಬಿಚ್ಚಿದಳು. ಅದು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು.

"ಏಳ್ರಿ. ಅಡಗಿಮನಿ ತನಕ ಹೋಗೂಣು. ನಾ ಹಿಂದ ಇರತೇನಿ, ಹಿಡ್ಯಾಂಗಿಲ್ಲ. ನೂಸತೈತೇನು?"

"ನೂಸದ ಏನ," ಎಂದಳು ನಿಂಬೆವ್ವ ಮೂರನೆಯ ಹೆಜ್ಜೆಯಲ್ಲಿ ನೋವಿಗೆ ಹಲ್ಲು ಕಚ್ಚಿ. "ನೂಸಿದಾಗಷ್ಟ ಈ ಕಾಲು ನಂದು ಅನಸತೈತಿ." ಅಡುಗೆಮನೆ ಮುಟ್ಟಿ, ಕಟ್ಟೆಯ ಮೇಲೆ ಅಂಗೈ ಊರಿ ಅವಳು ನಕ್ಕಳು.

ಮರುದಿನ ಅವಳು ಕಂಟ್ರೋಲ್ ರೂಮಿಗೆ ಹೋಗಿ ಚಿನ್ಮಯನ ಎದುರು ಕೂತಳು.

"ಏಳನೇ ಟ್ಯಾಂಕಿನಾಗ ನಾಡಿಯ ಕೈ ಕಟ್ಟಿಬಿಡು. ಕಿವಿ ಇರಲಿ, ಕೈ ಬ್ಯಾಡ."

"ಅಂದ್ರೆ ಆಹಾರ, ನೀರು, ಎಲ್ಲ ಬಂದಾ? ಮೇಡಂ, ಇನ್ನೂ ಅರ್ಧ ದಾರಿ ಇದೆ. ಆಲ್ಕೊಹಾಲ್ ಏರ್ತಿದೆ."

"ನೀರು ಬ್ಯಾಡ, ಆಹಾರ ಬ್ಯಾಡ. ಬಿಸಿ ಮೂವತ್ತಮೂರು ದಾಟಿದ್ರ ಮಾತ್ರ ತಣ್ಣೀರು ಬಿಡು. ಇಷ್ಟು ಆಲ್ಕೊಹಾಲಿನಾಗ ಅದರ ಮ್ಯಾಲ ಕಷ್ಟ ಅಲ್ಲ, ಕೊಲೆ."

"ಸತ್ತುಹೋದ್ರೆ?"

"ಸತ್ರ ನನ್ನ ಹೆಸರು ಬರದಿಡು. ಎಲ್ಲಿ ಸಹಿ ಮಾಡಲಿ?"

ಚಿನ್ಮಯ ಅವಳ ಮುಖ ನೋಡಿದ. ಆ ಮುಖದಲ್ಲಿ ಮಾತಿಗೆ ಜಾಗವಿರಲಿಲ್ಲ. ಸಹಿ ಮಾಡಿಸಿಕೊಂಡು ಕೀಲಿ ತಿರುಗಿಸಿದ.

ಎಂಟನೆಯ ದಿನ ಗುಂಯ್ ದನಿ ಏರಿತು. ಒಂಬತ್ತನೆಯ ದಿನ ಮಧ್ಯಾಹ್ನ, ಹೊರಗೆ ನಲವತ್ತಾರು ಡಿಗ್ರಿ, ಏಳನೇ ಟ್ಯಾಂಕು ಕೀರತೊಡಗಿತು. ಹಂಡೆಯ ಕೀರಲು ಇದರ ಮುಂದೆ ಏನೂ ಅಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಇನ್ನೂ ನಲವತ್ತು ಗ್ರಾಮು ಸಕ್ಕರೆ ಉಳಿದಿತ್ತು. ಜನವರಿಯಲ್ಲಿ ಮೂರನೇ ಟ್ಯಾಂಕು ಇದಕ್ಕಿಂತ ಮೊದಲೇ ಸತ್ತಿತ್ತು. ಸುದ್ದಿ ಮುಟ್ಟಿ ಮುರಗೆಪ್ಪಗೌಡರು ಧಾವಿಸಿ ಬಂದರು.

"ಏನಿದು ತಂಗಿ, ಹೆಣ್ಣಮಕ್ಕಳು ಬ್ಯಾನಿ ತಿಂದಂಗ ಒದರಾಕತ್ತೈತಿ! ಸ್ವಲ್ಪ ನೀರರ ಬಿಡು."

"ಬ್ಯಾಡ್ರಿ ಗೌಡ್ರ."

"ಮೇಡಂ, ಒಂದು ಸಲ ಆಹಾರ ಕೊಡೋಣ," ಚಿನ್ಮಯನ ಬೆರಳು ಗುಂಡಿಯ ಮೇಲೇ ಇತ್ತು. "ಒಂದೇ ಒಂದು ಸಲ."

ಕಸ್ತೂರಿ ಅವನ ಕೈ ಹಿಡಿದು ಪಕ್ಕಕ್ಕಿಟ್ಟಳು. ಹನ್ನೊಂದು ವರ್ಷದ ಅಭ್ಯಾಸ ಅವಳ ಬೆರಳುಗಳಲ್ಲೂ ಕುಣಿಯುತ್ತಿತ್ತು, ಒತ್ತಿಬಿಡು, ಒತ್ತಿಬಿಡು ಎಂದು. ಅವಳಿಗೂ ಹೆದರಿಕೆಯಾಗಿತ್ತು. ಹೆದರಿಕೊಂಡೇ ಕೂತಳು.

"ಕೀರಲಿ," ಎಂದಳು. "ಕೀರಾಕತ್ತೇತಿ ಅಂದ್ರ ದುಡ್ಯಾಕತ್ತೇತಿ. ಸುಮ್ಮಾದಾಗ ಅಂಜೂಣು."

ಮೂರು ದಿನ ಅದು ಕೀರಿತು. ಸಕ್ಕರೆ ಇಪ್ಪತ್ತೆಂಟಾಯಿತು, ಹತ್ತೊಂಬತ್ತಾಯಿತು, ಹನ್ನೊಂದಾಯಿತು. ಹನ್ನೆರಡನೆಯ ದಿನ ಮುಂಜಾನೆ ಹತ್ತಕ್ಕೆ ಸ್ಪೀಕರು ಒಮ್ಮೆಲೇ ಸುಮ್ಮನಾಯಿತು. ಪರದೆಯ ಗೆರೆ ನೆಲ ಹಿಡಿದು ಮಲಗಿತು.

"ಹೋಯ್ತು ಮೇಡಂ," ಎಂದ ಚಿನ್ಮಯ.

ಕಸ್ತೂರಿ ಮೆಟ್ಟಿಲು ಇಳಿದಳು. ಏಳನೇ ಟ್ಯಾಂಕಿನ ಬಳಿ ಸುಗಲವ್ವ ನಿಂತಿದ್ದಳು, ಅವಳಿಗೂ ಸದ್ದು ನಿಂತದ್ದು ತಿಳಿದಿತ್ತು. ಕಸ್ತೂರಿ ನಲ್ಲಿ ತಿರುಗಿಸಿ ಎರಡು ಗ್ಲಾಸು ಹಿಡಿದಳು. ಒಂದನ್ನು ಲ್ಯಾಬಿಗೆ ಒಯ್ಯಲು ಇಟ್ಟುಕೊಂಡು, ಇನ್ನೊಂದನ್ನು ಏನನ್ನಿಸಿತೋ, ಸುಗಲವ್ವನ ಕೈಗೆ ಕೊಟ್ಟಳು. ಹನ್ನೊಂದು ದಿನದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ವ್ಯವಹಾರ ಅದು.

ಸುಗಲವ್ವ ನಾಲಗೆಯ ತುದಿಗೆ ಹಚ್ಚಿಕೊಂಡು, ಬಾಯಿ ಚಪ್ಪರಿಸಿ, ಮುಖ ಕಿವುಚಿದಳು.

"ಸಿಹಿ ಇಲ್ಲಽ ಇಲ್ರಿ ಬಾಯಾರ! ಬರೀ ಒಗರು!"

ಕಸ್ತೂರಿ ಓಡಿದಳು. ನಲವತ್ತೊಂಬತ್ತರ ಹೆಂಗಸು, ಗ್ಲಾಸು ತುಳುಕಿಸಿಕೊಂಡು, ಸೀರೆ ಎತ್ತಿಹಿಡಿದು ಓಡಿದಳು. ಲ್ಯಾಬಿನ ಮಾಪಕ ಎರಡು ಪಾಯಿಂಟ್ ಆರು ಎಂದಿತು. ನಂಬದೆ ಇನ್ನೊಮ್ಮೆ ನೋಡಿದಳು. ಎರಡು ಪಾಯಿಂಟ್ ಆರು. ಆಮೇಲೆ ಒಂದು ಹನಿಗೆ ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಸತ್ತ ಯೀಸ್ಟು ನೀಲಿಗಟ್ಟುತ್ತದೆ, ಬದುಕಿದ್ದು ಬಣ್ಣವನ್ನು ಅರಗಿಸಿಕೊಂಡು ಬೆಳ್ಳಗೇ ಉಳಿಯುತ್ತದೆ. ಹತ್ತರಲ್ಲಿ ಎಂಟು ಬೆಳ್ಳಗಿದ್ದವು. ಅವು ಸತ್ತಿರಲಿಲ್ಲ. ತಿನ್ನಲು ಏನೂ ಉಳಿಯದೆ, ಕೆಲಸ ಮುಗಿಸಿ, ಸಾಕಾಗಿ ಮಲಗಿದ್ದವು. ಯಾರ ನೆರವೂ ಇಲ್ಲದೆ ದುಡಿದು ಮಲಗಿದ ಜೀವದ ಮೌನವನ್ನು ನಾಡಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಹಾಗಾಗಿ ಅದಕ್ಕೆ ಅದು ಸಾವಾಗಿ ಕಂಡಿತ್ತು.

ಕಸ್ತೂರಿ ನೆಲಮಾಳಿಗೆಗೆ ಮರಳಿದಳು. ಸುಗಲವ್ವ ಗ್ಲಾಸನ್ನು ಹಾಗೇ ಹಿಡಿದು ನಿಂತಿದ್ದಳು.

"ಉಳೀತ್ರಿ?"

"ಉಳೀತು," ಎಂದಳು ಕಸ್ತೂರಿ. "ಸುಗಲವ್ವಾ, ಅವತ್ತು ನಾ ಹಂಗ ಒದರಬಾರದಿತ್ತು. ತಪ್ಪಾತು ನಂದು."

"ಅಯ್ಯ, ಬಿಡ್ರಿ ಬಾಯಾರ," ಎಂದ ಸುಗಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನ್ಯಾಗ ನನ್ನ ಗಂಡ ಇದಕ್ಕಿಂತ ಜೋರಾಗಿ ಒದರತಿದ್ದ. ಆದ್ರ ಅವ ಒಂದಿನಾರ ತಪ್ಪಾತು ಅಂದವ ಅಲ್ಲ ನೋಡ್ರಿ."

ಕಂಪನಿಯ ಕಾಗದವನ್ನು ಗೌಡರು ಅಂದೇ ಮಧ್ಯಾಹ್ನ ವಾಪಸು ಕಳಿಸಿದರು. ಫ್ರೀಜರಿನ ಬಾಗಿಲಿಗೆ ಕಸ್ತೂರಿ ಹೊಸ ಬೀಗ ಹಾಕಿಸಿದಳು. ಸಂಜೆ ನೆಲಮಾಳಿಗೆಯಲ್ಲಿ, ಏಳನೇ ಟ್ಯಾಂಕಿನ ಯೀಸ್ಟು ತುಂಬಿಸಿಟ್ಟ ಹಂಡೆಯ ಹತ್ತಿರ, ಚಿನ್ಮಯ ಹೆಪ್ಪಿನ ಹೊಸ ನಿಯಮ ಬರೆಯಲು ಕೂತ. ಹಂಡೆಯ ಸಕ್ಕರೆ ಸಂಜೆಗೆ ತೀರಬೇಕು, ಹನ್ನೆರಡು ತಾಸು ಹಸಿದಿರಬೇಕು, ಮುಂಜಾನೆ ಟ್ಯಾಂಕಿಗೆ ಹೋಗಬೇಕು.

"ಕಾರಣ ಅಂತ ಒಂದು ಕಾಲಂ ಇದೆ ಮೇಡಂ. ಟ್ರೆಹಲೋಸ್ ಅಂತ ಬರೀಲಾ?"

"ಅದನ್ನೂ ಬರಿ. ಅದಕ್ಕಿಂತ ಮೊದಲ ಸುಗಲವ್ವನ ಹೆಸರು ಬರಿ."

ಅಷ್ಟರಲ್ಲಿ ಗೌಡರು ತಾವೇ ಒಂದು ಸ್ಟೀಲಿನ ಕೊಡ ಹಿಡಿದು ನೆಲಮಾಳಿಗೆಗೆ ಇಳಿದು ಬಂದರು. ಎರಡನೇ ಟ್ಯಾಂಕೂ ನಾಲ್ಕನೇ ಟ್ಯಾಂಕೂ ನಾಡಿಯ ಮಡಿಲಲ್ಲಿ ಅರ್ಧಕ್ಕೆ ನಿಂತು ವಾರವಾಗಿತ್ತು. ತಿಕೋಟಾ ಹಾಕಿದರೆ ಅವೂ ಎದ್ದಾವು ಎಂದು ಅವರಿಗೆ ಹೊಳೆದಿತ್ತು, ಹೊಳೆದ ಮೇಲೆ ತಡೆಯುವ ಜಾಯಮಾನ ಅವರದಲ್ಲ.

"ಸುಗಲವ್ವ, ಒಂದು ಕೊಡ ಹೆಪ್ಪು ಕೊಡವಾ. ಈಗಿಂದೀಗ ಹಾಕಿಬಿಡೂಣು."

ಸುಗಲವ್ವ ಗೌಡರ ಕೊಡವನ್ನು ನೋಡಿದಳು. ದಾನಮ್ಮನ ಪಟದ ಮುಂದೆ ಆಗಷ್ಟೇ ಹಚ್ಚಿದ ಹಣತೆಯನ್ನು ನೋಡಿದಳು. ಒಮ್ಮೆ ಬೈಸಿಕೊಂಡವಳು, ಬಾಯಿ ತೆರೆಯಲು ಧೈರ್ಯ ಸಾಲದೆ ಕಸ್ತೂರಿಯ ಕಡೆ ನೋಡಿದಳು.

ಕಸ್ತೂರಿ ಎದ್ದು ಹೋಗಿ, ಹಂಡೆಯ ಮುಚ್ಚಳದ ಮೇಲೆ ಕೈಯಿಟ್ಟಳು.

"ದೀಪ ಹಚ್ಚೇವ್ರಿ ಗೌಡ್ರ," ಎಂದಳು. "ನಾಳಿ ಮುಂಜಾನೆ ಬರ್ರಿ."